ವ್ಯಾಧಿಕಾಲದಲ್ಲಿ ಕಣ್ಣು ಕಿವಿಗಳ ಆಹಾರ

ಮನೆಯಲ್ಲಿ ಒಬ್ಬರು ಬೇನೆಯಿಂದ ಮಲಗಿರುವಾಗ ಅವರಿಗೆ ಗಂಜಿ ಕೊಡಬಹುದೋ ಮಜ್ಜಿಗೆ ಕೊಡಬಹುದೋ ಎಂದು ವೈದ್ಯರನ್ನು ವಿಚಾರಿಸುತ್ತೇವೆ. ಆದರೆ ಆ ರೋಗಿಯು ಹಾಸಿಗೆಯಲ್ಲಿದ್ದುಕೊಂಡು ದಿನವೆಲ್ಲಾ ಟೆಲಿವಿಷನ್ನಿನಲ್ಲಿಯೂ ಮೊಬೈಲಿನಲ್ಲಿಯೂ ಏನು ನೋಡುತ್ತಾನೆ, ಏನು ಕೇಳುತ್ತಾನೆ ಎಂಬದನ್ನು ವಿಚಾರಿಸುವವರು ಅಪರೂಪ. ಕೆಲವರು ಅದು ಸೋಮಾರಿತನವೆಂದು ಗದರಿಸಿ ಮೊಬೈಲನ್ನು ಕಸಕೊಳ್ಳುತ್ತಾರೆ; ಬೇರೆ ಕೆಲವರು ಹೇಗಾದರೂ ಸುಮ್ಮನಿರಲಿ ಎಂದು ಬಿಟ್ಟುಬಿಡುತ್ತಾರೆ. ಈ ಎರಡೂ ಸರಿಯಲ್ಲವೆಂದು ನಾವು ತಿಳುಕೊಳ್ಳುವದಕ್ಕೆ ಸಹಾಯಮಾಡುವ ಕೆಲವು ಪರಿಶೋಧನೆಗಳು ಅಮೇರಿಕಾ ದೇಶದಲ್ಲಿ ನಡೆದಿರುತ್ತವೆ.

ಈ ವಿಚಾರವು ಹೊಸದೇನೂ ಅಲ್ಲ. ಮನೆಗಳಲ್ಲಿ ರೇಡಿಯೋ ತುಂಬಾ ಬಳಕೆಯಲ್ಲಿದ್ದ ಕಾಲದಲ್ಲಿ, ವಿಯೆನ್ನಾ ಪಟ್ಟಣದಿಂದ ಆ ದೇಶಕ್ಕೆ ಬಂದಿದ್ದ ಹೆರ್ಟಾ ಹೆರ್ಜೋಗ್ ಎಂಬ ವಿದುಷಿಯು ನ್ಯೂಯಾರ್ಕ್ ಸುತ್ತಮುತ್ತಲಿನ 100 ಮಂದಿ ಸ್ತ್ರೀಯರನ್ನು ಕಂಡು, ಅವರು ಪ್ರತಿದಿನವೂ ರೇಡಿಯೋದಲ್ಲಿ ಧಾರಾವಾಹಿ ಕಥೆಗಳನ್ನು ಯಾಕೆ ಕೇಳುತ್ತಾರೆಂದು ವಿಚಾರಿಸಿ, 1941ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಕಥೆಯನ್ನು ಕೇಳುತ್ತಾ ಅತ್ತುಬಿಟ್ಟರೆ ಮನಸ್ಸಿನ ಭಾರವು ಇಳಿಯುತ್ತದೆಂದು ಕೆಲವರು ಭಾವಿಸುತ್ತಿದ್ದರು. ಕಷ್ಟವು ತಮಗೊಬ್ಬರಿಗೇ ಬಂದದ್ದಲ್ಲವೆಂಬ ಸಮಾಧಾನವು ಕೆಲವರಿಗೆ ಉಂಟಾಗುತ್ತಿತ್ತು. ಮತ್ತೆ ಕೆಲವರು ಸಂಸಾರದ ತೊಡಕುಗಳಿಗೆ ಕಥೆಯಿಂದಲೇ ಬುದ್ಧಿಯನ್ನು ತೆಗೆದುಕೊಳ್ಳುತ್ತಿದ್ದರು. ವಿದ್ಯಾವಂತರು ಹೀನವೆಂದು ನಗುತ್ತಿದ್ದ ಕಥೆಗಳಲ್ಲಿ ದಣಿದ ಜನರು ಆಸರೆಯನ್ನು ಕಂಡುಕೊಂಡರೆಂಬದು ಚಿಕ್ಕ ಸಂಗತಿಯಲ್ಲ.

ಇದೇ ಮಾರ್ಗದಲ್ಲಿ ನಮ್ಮ ಕಾಲದಲ್ಲಿ ಕೆಲಸಮಾಡಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ವಿಭಾಗದಲ್ಲಿ ಸಂವಹನಶಾಸ್ತ್ರದ ಅಧ್ಯಾಪಕಿಯಾದ ರಾಬಿನ್ ನಾಬಿ ಎಂಬವರು. ಅವರೂ ಅವರ ಸಂಗಡಿಗರೂ 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸ್ತನದ ಕ್ಯಾನ್ಸರ್ ವ್ಯಾಧಿಯನ್ನು ಅನುಭವಿಸಿದ ಸ್ತ್ರೀಯರೂ ಕಾಲೇಜಿನ ವಿದ್ಯಾರ್ಥಿಗಳೂ ತಮ್ಮ ಸಂಕಟವನ್ನು ಹೇಗೆ ಸಹಿಸಿಕೊಳ್ಳುತ್ತಾರೆಂದು ವಿಚಾರಿಸಿದ್ದಾರೆ. ಸಂಕಟವನ್ನು ಸಹಿಸುವದಕ್ಕೆ ಜನರು ಹಿಡಿಯುವ ಬೇರೆ ಬೇರೆ ಉಪಾಯಗಳೊಳಗೆ ಚಿತ್ರ, ಕಥೆ, ಸಂಗೀತಗಳಿಗೂ ಗಣ್ಯವಾದ ಸ್ಥಾನವುಂಟೆಂದು ಕಂಡುಬಂತು. 2020ರಲ್ಲಿ ಅವರು ಆಬಿ ಪ್ರೆಸ್ಟಿನ್ ಎಂಬವರ ಕೂಡ ಪ್ರಕಟಿಸಿದ ಪರೀಕ್ಷೆಯಲ್ಲಿ, ಮನೋಭಾರದಿಂದ ಬಳಲುವವರಿಗೆ ಐದು ದಿನ, ದಿನಕ್ಕೊಂದರಂತೆ ಚಿಕ್ಕ ಚಿತ್ರಗಳನ್ನು ನೋಡಲಿಕ್ಕೆ ಕೊಟ್ಟರು. ಬಲಹೀನನಾದವನು ಅಡ್ಡಿಗಳನ್ನು ದಾಟಿ ಗೆಲ್ಲುವಂಥ ಕಥೆಗಳು ನೋಡುವವರಲ್ಲಿ ನಿರೀಕ್ಷೆಯನ್ನು ಹುಟ್ಟಿಸಿದವು. ನಿರೀಕ್ಷೆಯು ಹೆಚ್ಚಿದವರಲ್ಲಿ ಮನೋಭಾರವು ತಗ್ಗಿತು. ಹೀಗಿರಲಾಗಿ ನೋಡುವದು ಒಳ್ಳೇದೋ ಕೆಟ್ಟದ್ದೋ ಎಂಬ ಪ್ರಶ್ನೆಗಿಂತಲೂ ಏನನ್ನು ನೋಡುತ್ತಾರೆಂಬ ಪ್ರಶ್ನೆಯು ಮುಖ್ಯ.

ಎಷ್ಟು ನೋಡುತ್ತಾರೆಂಬದೂ ಮುಖ್ಯವೇ. 2013ನೇ ಏಪ್ರಿಲ್ 15ರಲ್ಲಿ ಅಮೇರಿಕಾದ ಬಾಸ್ಟನ್ ಪಟ್ಟಣದಲ್ಲಿ ದೂರದ ಓಟದ ಪಂದ್ಯವು ನಡೆಯುತ್ತಿರುವಾಗ ಎರಡು ಬಾಂಬುಗಳು ಸಿಡಿದು ಮೂವರು ಸತ್ತರು, ನೂರಾರು ಜನರು ಗಾಯಪಟ್ಟರು. ಎರಡರಿಂದ ನಾಲ್ಕು ವಾರಗಳ ಬಳಿಕ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ವಿಭಾಗದ ಹೋಲ್ಮನ್, ಗಾರ್ಫಿನ್, ಸಿಲ್ವರ್ ಎಂಬ ಮೂವರು ಪಂಡಿತೆಯರು 4,675 ಜನರನ್ನು ಪ್ರಶ್ನಿಸಿದರು. ಆ ವಾರದಲ್ಲಿ ದಿನಕ್ಕೆ ಆರು ತಾಸು ಅಥವಾ ಅದಕ್ಕಿಂತ ಹೆಚ್ಚಾಗಿ ಅದೇ ವರ್ತಮಾನವನ್ನು ನೋಡುತ್ತಾ ಕೇಳುತ್ತಾ ಇದ್ದವರ ಮನೋವ್ಯಥೆಯು, ಸ್ಫೋಟದ ಸ್ಥಳದಲ್ಲಿಯೋ ಅದರ ಸಮೀಪದಲ್ಲಿಯೋ ಇದ್ದವರ ವ್ಯಥೆಗಿಂತಲೂ ಹೆಚ್ಚಾಗಿತ್ತು! ಸ್ವಭಾವತಃ ಹೆದರುವವರೇ ಹೆಚ್ಚು ನೋಡಿರಬಹುದಲ್ಲವೋ ಎಂದು ಕೇಳುವದು ನ್ಯಾಯವೇ. ಆ ಪಂಡಿತೆಯರು ಜನರ ಮುಂಚಿನ ಮಾನಸಿಕ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆದರೂ ಹೆದರಿಕೆಯಿಂದ ನೋಡುವದೂ ನೋಡಿ ಹೆದರುವದೂ ಒಂದನ್ನೊಂದು ಎಳೆಯುವ ಚಕ್ರದಂತಿರುವದರಿಂದ ಯಾವದು ಮೊದಲೆಂದು ಬೇರ್ಪಡಿಸುವದು ಸುಲಭವಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂವಹನ ಪಂಡಿತರಾಗಿದ್ದ ಜಾರ್ಜ್ ಗರ್ಬ್ನರ್ (1919–2005) ಎಂಬವರೂ, ಟೆಲಿವಿಷನ್ನನ್ನು ಬಹಳವಾಗಿ ನೋಡುವವರು ಲೋಕವನ್ನು ಇದ್ದದ್ದಕ್ಕಿಂತ ಹೆಚ್ಚು ಅಪಾಯಕರವೆಂದು ಎಣಿಸುತ್ತಾರೆಂದು ಬಹಳ ಮುಂಚೆಯೇ ಬರೆದಿದ್ದರು.

ನಮ್ಮ ಸೀಮೆಯವರಿಗೂ ಇದರ ಅನುಭವವುಂಟು. 2020ನೇ ಮಾರ್ಚಿಯಲ್ಲಿ ಕೋವಿಡ್ ಜ್ವರದಿಂದ ಭಾರತದಲ್ಲಿ ಸಂಭವಿಸಿದ ಮೊದಲನೇ ಮರಣವು ಕಲಬುರಗಿಯದೆಂದು ತಿಳಿದುಬಂತು. ಅದೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲಾ ದೇಶಗಳವರಿಗೆ ಒಂದು ಬುದ್ಧಿಯನ್ನು ಹೇಳಿತು: ಕಳವಳವನ್ನು ಹುಟ್ಟಿಸುವ ವರ್ತಮಾನಗಳನ್ನು ನೋಡುವದನ್ನು ಕಡಿಮೆಮಾಡಿರಿ, ನಂಬತಕ್ಕ ಮೂಲಗಳಿಂದ, ನೇಮಿಸಿದ ಹೊತ್ತಿನಲ್ಲಿ, ದಿನಕ್ಕೆ ಒಂದೆರಡು ಸಾರಿ ಮಾತ್ರ ಸುದ್ದಿಯನ್ನು ತಿಳುಕೊಳ್ಳಿರಿ.

ಆದದರಿಂದ ರೋಗಿಗಳನ್ನು ಸಂದರ್ಶಿಸುವದಕ್ಕೆ ಹೋಗುವವರು ಮೊಬೈಲಿನಲ್ಲಿ ಬಂದ ಮರಣದ ಸುದ್ದಿಗಳನ್ನು ಹಾಸಿಗೆಯ ಬಳಿಯಲ್ಲಿ ಓದಿ ಹೇಳಬಾರದು. ಹಾಡನ್ನು ಕೇಳುತ್ತಾ ನೋವನ್ನು ಮರೆಯುವ ಮುದುಕಿಯನ್ನು ಹೀಯಾಳಿಸಲೂ ಬಾರದು. ಚಿತ್ರಗಳು ಔಷಧದ ಬದಲಾಗುವದಿಲ್ಲ, ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಲೇಬೇಕು. ಮನೆಯವರು ರೋಗಿಯನ್ನು ಮೆಲ್ಲಗೆ ಕೇಳಲಿ: "ಅಮ್ಮಾ, ನಿನ್ನೆ ರಾತ್ರಿ ಅದನ್ನು ನೋಡಿದ ಮೇಲೆ ನಿಮಗೆ ನಿದ್ರೆ ಬಂತೋ, ಇಲ್ಲವೋ?" ಬರಲಿಲ್ಲವೆಂದರೆ ಇಂದು ಸಾಯಂಕಾಲ ಬೇರೊಂದನ್ನು ಹಾಕಿಕೊಟ್ಟು, ತಾವೂ ಸ್ವಲ್ಪ ಹೊತ್ತು ಸಂಗಡ ಕೂತುಕೊಳ್ಳಲಿ.