ಪಿಪೆಟ್ ಹಿಡಿಯುವ ಮುನ್ನ

ಚಿಕ್ಕರಸಿನಕೆರೆಯ ಕಬ್ಬಿನ ಗದ್ದೆಗಳ ನಡುವೆ ಬೆಳೆದು ಈಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೀರಾ? ಕೋಶ ಮತ್ತು ಅಣು ಜೀವವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವ ಆಸೆಯಿದ್ದರೆ ಕಟ್ಟಡ, ಜಾಹೀರಾತು ನೋಡಿ ಯಾವುದೋ ಕಾಲೇಜು ಸೇರಬೇಡಿ. ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಹಿಡಿದು ಕೇಳಿ: ಪಿಸಿಆರ್ ಯಂತ್ರವನ್ನು ಕೈಯಾರೆ ಓಡಿಸಿದ್ದೀರಾ, ಇಲ್ಲ ದೂರದಿಂದಲೇ ಕೈಮುಗಿದಿರಾ? ಒಂದು ಮೈಕ್ರೋಲೀಟರ್ ಅಂದರೆ ಮಿಲಿಲೀಟರಿನ ಸಾವಿರದಲ್ಲೊಂದು ಪಾಲು. ಅಷ್ಟನ್ನು ಜೆಲ್‌ನ ಪುಟ್ಟ ಗುಳಿಯೊಳಗೆ ಚೆಲ್ಲದೆ ಇಳಿಸುವುದು ಓದಿ ಬರುವ ವಿದ್ಯೆಯಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಹೇಗೂ ಹತ್ತಿರವಿದೆ. ಜೊತೆಗೆ ಜಾಮ್, ಗ್ಯಾಟ್-ಬಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗಳನ್ನೂ ಬರೆಯಿರಿ. ಜಾಮ್ ಅಂಕದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಎಂ.ಎಸ್ಸಿ.ಯೂ ಸೇರಿದ ಸಮಗ್ರ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಅಲ್ಲಿ ಶಿಷ್ಯವೇತನವೂ ಉಂಟು. ಸಾಲ ಮಾಡಿ ಲಕ್ಷಗಟ್ಟಲೆ ಶುಲ್ಕ ಕಟ್ಟುವುದು ನನಗಂತೂ ಸರಿಕಾಣದು. ಎಂ.ಎಸ್ಸಿ. ಮುಗಿದೊಡನೆ ದೊಡ್ಡ ಸಂಬಳ ಸಿಗುವುದು ಅಪರೂಪ, ಮನೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ.

ಬಿಡುವಾದಾಗ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ಗೆ ಹೋಗಿಬನ್ನಿ. ಕೆಆರ್‌ಎಚ್-2 ಸಂಕರ ಭತ್ತ ಬಂದದ್ದು ಅಲ್ಲಿಂದಲೇ. ಇನ್ನು ನಮ್ಮ ಕಬ್ಬು: ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳಿದ್ದರೆ ಇದರಲ್ಲಿ ನೂರರ ಮೇಲೆ. ಪ್ರಾಜೆಕ್ಟಿಗೆ ವಿಷಯ ಹುಡುಕುವವರು ಅಪ್ಪನ ಗದ್ದೆಯಿಂದಲೇ ಶುರುಮಾಡಬಹುದು.