ನಾಲ್ಕನೇ ಸೀಟಿನ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನ ಹೆಸರು ಗೊತ್ತಿಲ್ಲ, ಹಾಗಾಗಿ ಮಗಳೇ ಎಂದೇ ಬರೆಯುತ್ತಿದ್ದೇನೆ. ಕಳೆದ ವಾರ ಸಂಜೆ ಠಾಣೆ ಕಡೆಯಿಂದ ಬರುತ್ತಿದ್ದ ಮುಂಬೈ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನೀನು ನಾಲ್ಕನೇ ಸೀಟಿನಲ್ಲಿದ್ದೆ. ಮೂವರ ಬೆಂಚಿನ ತುದಿಗೆ ಅರ್ಧ ಮೈ ಊರಿ, ಒಂದು ಕಾಲನ್ನು ನಡುದಾರಿಗೆ ಚಾಚಿ, ರೈಲು ವಾಲಿದಾಗಲೆಲ್ಲ ಆ ಒಂದೇ ಕಾಲಿನ ಮೇಲೆ ಭಾರ ತಡೆಯುತ್ತಿದ್ದೆ. ಬಸುರಿ, ಆರೇಳು ತಿಂಗಳಿರಬೇಕು. ವಿದ್ಯಾವಿಹಾರ ದಾಟುವಾಗ ಫೋನಿನಲ್ಲಿ "ಸೊಂಟ್‌ನೋವ್ ಸಾಕಾಯ್ತ್ ಅಮ್ಮ" ಅಂದೆ. ಕುಂದಾಪುರದ ಆ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ 1986ರ ನನ್ನ ಬಸುರು ನೆನಪಾಯಿತು. ಮಾತಾಡಿಸೋಣ ಅನ್ನುವಷ್ಟರಲ್ಲಿ ಕುರ್ಲಾ ಬಂತು, ಜನ ನಿನ್ನನ್ನು ತಳ್ಳಿಕೊಂಡೇ ಇಳಿದರು.

ನಾನು ಡಾಕ್ಟರಲ್ಲ. ಕುರ್ಲಾದ ನೆಹರೂ ನಗರದಲ್ಲಿ ನಲವತ್ತು ವರ್ಷ ಸಂಸಾರ ಮಾಡಿ, ಎರಡು ಹೆತ್ತು, ಮೂವರ ಬಾಣಂತನ ಮಾಡಿದವಳು, ಅಷ್ಟೆ.

ಈ ನೋವಿಗೆ ಕಾರಣ ಉಂಟು. ಹೆರಿಗೆಗೆ ದಾರಿಯಾಗಲೆಂದು ರಿಲ್ಯಾಕ್ಸಿನ್ ಎಂಬ ಹಾರ್ಮೋನು ಸೊಂಟದ ಕೀಲುಗಳ ಕಟ್ಟನ್ನು ಸಡಿಲಿಸುತ್ತದಂತೆ. ಹೊಟ್ಟೆ ಮುಂದೆ ಬಂದ ಹಾಗೆ ಬೀಳದಿರಲು ನಾವು ಬೆನ್ನನ್ನು ಹಿಂದಕ್ಕೆ ಬಗ್ಗಿಸುತ್ತೇವೆ. ಬೆಣೆ ಸಡಿಲವಾದ ಮಂಚ ನೋಡಿದ್ದೀಯಲ್ಲ? ನಾಲ್ಕೂ ಕಾಲಿಗೆ ಸಮ ಭಾರ ಬಿದ್ದರೆ ಸುಮ್ಮನಿರುತ್ತದೆ. ಒಂದು ಮೂಲೆಗೆ ಕೂತರೆ ಸಾಕು, ಕಿರುಗುಟ್ಟುತ್ತದೆ. ನಿನ್ನ ಸೊಂಟ ಈಗ ಆ ಮಂಚ. ದಿನದಲ್ಲಿ ಎಷ್ಟು ಸಲ ಒಂಟಿಕಾಲಿನ ಮೇಲೆ ಭಾರ ಹಾಕುತ್ತೀ ಎಂದು ಒಮ್ಮೆ ಲೆಕ್ಕ ಇಟ್ಟು ನೋಡು, ನಿನಗೇ ಆಶ್ಚರ್ಯವಾಗುತ್ತದೆ.

ಬೆಳಿಗ್ಗೆ ಎದ್ದು ಸಲ್ವಾರಿಗೆ ಕಾಲು ತೂರಿಸುವಾಗ ಒಂಟಿಕಾಲು. ಕೂತು ಹಾಕಿಕೋ. ನಳದಲ್ಲಿ ನೀರು ಬರುವ ಹೊತ್ತಿಗೆ ತುಂಬಿದ ಬಕೆಟ್ಟನ್ನು ಒಂದೇ ಕೈಯಲ್ಲಿ ಎಳೆದುಕೊಂಡು ಹೋಗುತ್ತೀಯಲ್ಲ, ಅದನ್ನು ಬಿಡು. ಆ ಕೆಲಸ ಗಂಡನದು. ಅವನಿಲ್ಲದಿದ್ದರೆ ಎರಡು ಸಣ್ಣ ಬಕೆಟ್ಟು, ಎರಡು ಕೈಗೆ ಅರ್ಧರ್ಧ. ಎತ್ತುವಾಗ ಸೊಂಟ ಬಗ್ಗಿಸಬೇಡ, ಮಂಡಿ ಮಡಚು. ಸ್ಟೇಷನ್ನಿನ ಮೆಟ್ಟಿಲನ್ನು ಕಂಬಿ ಹಿಡಿದು ಒಂದೊಂದಾಗಿ ಹತ್ತು. ಹಿಂದಿನವರು ಗೊಣಗಲಿ. ಇನ್ನು ನಮ್ಮ ಊರಿನವರ ಶಾಪ ಒಂದಿದೆ, ಕಾಯಿ ಹೆರೆಯುವ ಮಣೆ. ಒಂದು ಕಾಲು ಮಡಚಿ, ಮೈ ತಿರುಚಿ, ಮುಂದಕ್ಕೆ ಒತ್ತಿ ಹೆರೆಯಬೇಕು. ಕಾಯಿಯಿಲ್ಲದೆ ಪದಾರ್ಥವಿಲ್ಲ, ಒಪ್ಪಿದೆ. ಆದರೆ ಮೂರು ತಿಂಗಳು ಅದನ್ನೂ ಗಂಡನೇ ಹೆರೆಯಲಿ, ಬೆರಳೇನೂ ಉದುರುವುದಿಲ್ಲ.

ಒಂದು ವಿನಾಯಿತಿ ಮಾತ್ರ ಉಂಟು. ಒಲೆಯ ಮುಂದೆ ನಿಂತೇ ಇರಬೇಕಾದರೆ ಒಂದು ಕಾಲನ್ನು ಗಿಡ್ಡ ಮಣೆಯ ಮೇಲಿಡು, ಸ್ವಲ್ಪ ಹೊತ್ತಿಗೆ ಕಾಲು ಬದಲಿಸು. ಇದು ನನ್ನ ಅತ್ತೆ ಕಲಿಸಿದ್ದು. ಬೇರೆ ಯಾವುದಕ್ಕೂ ಅವರನ್ನು ನಾನು ಅಷ್ಟು ಹೊಗಳಿದವಳಲ್ಲ.

ವ್ಯಾಯಾಮಕ್ಕೆ ಜಾಗವಿಲ್ಲ ಅನ್ನಬೇಡ. ನಮ್ಮ ಹತ್ತು ಬೈ ಹನ್ನೆರಡರ ಖೋಲಿಯಲ್ಲೂ ಗೋಡೆ ಇತ್ತು. ಭುಜ, ಹಿಂಭಾಗ ಗೋಡೆಗೆ ತಾಗಿಸಿ ನಿಂತು, ಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದು, ಸೊಂಟದ ಹಳ್ಳ ಗೋಡೆಗೆ ಮುಟ್ಟುವಂತೆ ಒತ್ತು. ನಾಲ್ಕು ಎಣಿಸಿ ಬಿಡು. ಹತ್ತು ಸಲ ಸಾಕು. ಇನ್ನೊಂದು, ನೆಲ ಒರೆಸುವವರ ಹಾಗೆ ಕೈ, ಮಂಡಿ ಊರಿ, ಬೆಕ್ಕು ಮೈ ಮುರಿಯುವಂತೆ ಬೆನ್ನನ್ನು ಮೇಲಕ್ಕೆ ಗುಮ್ಮಟ ಮಾಡಿ, ಮತ್ತೆ ಸಮಕ್ಕೆ ತರುವುದು. ಸಮಕ್ಕಿಂತ ಕೆಳಗೆ ಜೋತುಬೀಳಬಾರದು. ಶುರು ಮಾಡುವ ಮುಂಚೆ ನಿನ್ನ ಡಾಕ್ಟರಿಗೆ ಒಂದು ಮಾತು ಹೇಳು.

ಮಲಗುವಾಗ ಎಡಮಗ್ಗುಲು, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯಡಿ ಮಡಚಿದ ಹಳೆ ಸೀರೆ. ಏಳುವಾಗ ನೆಟ್ಟಗೆ ಏಳದೆ ಪಕ್ಕಕ್ಕೆ ಹೊರಳಿ, ಎರಡೂ ಕಾಲು ಒಟ್ಟಿಗೆ ಇಳಿಬಿಟ್ಟು, ಕೈ ಊರಿ ಏಳು. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಸೊಂಟಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಬಹುದು, ಹೊಟ್ಟೆಗೆ ಬೇಡ.

ನನ್ನ ಬಸುರಿನಲ್ಲಿ ನಾನು ನೋವು ತಾಳದೆ ಅಂಗಡಿಯಿಂದ ಗುಳಿಗೆ ತಂದು ನುಂಗಿದ್ದೆ, ಯಾರನ್ನೂ ಕೇಳದೆ. ಏನೂ ಆಗಲಿಲ್ಲ, ಅದೃಷ್ಟ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು 20 ವಾರದ ಮೇಲೆ ಮಗುವಿನ ಮೂತ್ರಪಿಂಡಕ್ಕೆ ಕುತ್ತು ತರಬಹುದು ಎಂದು ನನಗೆ ತಿಳಿದದ್ದು ಸೊಸೆ ಬಸುರಿಯಾದಾಗ. ನೋವಿನ ಮುಲಾಮಿನ ಟ್ಯೂಬಿನಲ್ಲೂ ಡೈಕ್ಲೊಫೆನಾಕ್ ಇರುತ್ತದೆ, ಸಣ್ಣ ಅಕ್ಷರ ಓದು.

ಎಲ್ಲ ಸೊಂಟನೋವೂ ಸೊಂಟದ್ದಲ್ಲ. ನೋವು ಬಿಟ್ಟು ಬಿಟ್ಟು ಒಂದೇ ತಾಳದಲ್ಲಿ ಬರುತ್ತಿದ್ದರೆ, ರಕ್ತವೋ ನೀರೋ ಕಂಡರೆ, ಜ್ವರ, ಉರಿಮೂತ್ರ ಇದ್ದರೆ, ಕಾಲು ಮರಗಟ್ಟಿದರೆ, ಮಗುವಿನ ಓಡಾಟ ಕಡಿಮೆಯಾದರೆ ಈ ಪತ್ರ ಅತ್ತ ಎಸೆದು ಆಸ್ಪತ್ರೆಗೆ ಹೋಗು. ಭಾಭಾ ಇರಲಿ, ಸಯನ್ ಇರಲಿ, ಎಲ್ಲಿ ಹೆಸರು ಬರೆಸಿದ್ದೀಯೋ ಅಲ್ಲಿಗೆ, ಅದೇ ರಾತ್ರಿ.

ಬಾಣಂತನಕ್ಕೆ ಊರಿಗೆ ಹೋಗುತ್ತೀಯಾದರೆ ಡಾಕ್ಟರು ಒಪ್ಪಿದ ತಿಂಗಳಲ್ಲೇ ಹೊರಡು. ನಾನು ಹೋದದ್ದು ಬಸ್ಸಿನಲ್ಲಿ, ಒಂದು ಹಗಲು ಒಂದು ರಾತ್ರಿ. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ನಿನಗೆ ನಮ್ಮ ಕುರ್ಲಾ ಟರ್ಮಿನಸ್ಸಿನಿಂದಲೇ ಮತ್ಸ್ಯಗಂಧ ಇದೆ. ಬಸುರಿಯರಿಗೆ ಲೋವರ್ ಬರ್ತಿನ ಕೋಟಾ ಇದೆ, ಕೇಳಿ ತೆಗೆದುಕೋ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕು.

ಕೇಳುವ ಮಾತು ಬಂತಲ್ಲ, ಲೋಕಲ್‌ನಲ್ಲೂ ಕೇಳು. ಅಂಗವಿಕಲರ ಡಬ್ಬಿಯಲ್ಲಿ ಬಸುರಿಯರೂ ಹೋಗಬಹುದು, ಆಸ್ಪತ್ರೆಯ ಕಾಗದ ಪರ್ಸಿನಲ್ಲಿರಲಿ. ಲೇಡೀಸ್ ಡಬ್ಬಿಯಲ್ಲಾದರೆ ಬಾಯಿಬಿಟ್ಟು ಹೇಳು, ಯಾರಾದರೂ ಏಳುತ್ತಾರೆ. ಆ ದಿನ ಯಾರೂ ಏಳಲಿಲ್ಲ ಅನ್ನುತ್ತೀಯಾ? ನಿನ್ನ ಎದುರಿನ ಬೆಂಚಿನಲ್ಲಿ, ಕಿಟಕಿಯ ಬಳಿ, ಮಡಿಲಲ್ಲಿ ಖಾಕಿ ಚೀಲ ಇಟ್ಟುಕೊಂಡಿದ್ದ ಕನ್ನಡಕದ ಮುದುಕಿ ನಾನೇ. ಮಂಡಿನೋವು ಎಂದು ನನಗೆ ನಾನೇ ಹೇಳಿಕೊಂಡು ಕೂತಿದ್ದೆ. ಮುಂದಿನ ಸಲ ಕಂಡರೆ "ಅಮ್ಮ, ಏಳಿ" ಅಂದುಬಿಡು.

ಇಂತು,
ನೆಹರೂ ನಗರದ ದೊಡ್ಡಮ್ಮ