ನಮ್ಮ ಸೀಮೆಯ ಮುಸಲ್ಮಾನರು

ಖಾನಾಪುರದ ಸಂತೆಯಲ್ಲಿ ನಮ್ಮ ಮಗ್ಗುಲಲ್ಲೇ ಕೂತು ವ್ಯಾಪಾರ ಮಾಡುವ ಮುಸಲ್ಮಾನರನ್ನು ಪರದೇಶದವರೆಂದು ಕರೆಯುವವರುಂಟು. ಇದು ಎಷ್ಟು ಮಟ್ಟಿಗೆ ನಿಜವೆಂದು ವಿಚಾರಿಸೋಣ.

1470ರ ದಶಕದಲ್ಲಿ ಬಹಮನಿ ಮಂತ್ರಿಯಾದ ಮಹಮೂದ ಗವಾನನು ಬೆಳಗಾವಿಯ ಕೋಟೆಯನ್ನು ಹಿಡಿದನು. ಆತನು ಇರಾಣದಿಂದ ಬಂದವನೇ ಸರಿ. ತರುವಾಯ ಬಿಜಾಪುರದ ಸರದಾರನಾದ ಅಸದಖಾನ ಲಾರಿಯು ಆ ಕೋಟೆಯೊಳಗೆ ಸಫಾ ಮಸೀದಿಯನ್ನು ಕಟ್ಟಿಸಿದನು, 1549ರಲ್ಲಿ ತೀರಿಕೊಂಡನು. ಅಲ್ಲಿಯೇ 1204ರ ಕಮಲಬಸದಿಯೂ ಇಂದಿನ ವರೆಗೆ ನಿಂತಿದೆ.

ಆದರೆ ಸರದಾರರು ಬೇರೆ, ಹಳ್ಳಿಯವರು ಬೇರೆ. ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದ ಪಿಂಜಾರರನ್ನು, ಅಂದರೆ ನದಾಫರನ್ನು, ನೋಡಿರಿ. ಅವರ ಪೂರ್ವಿಕರು ಈ ನೆಲದವರೇ, ಮತವನ್ನು ಬದಲಿಸಿದವರು ಎಂದು ಹೇಳುತ್ತಾರೆ; ಅನೇಕರ ಮನೆಮಾತು ಕನ್ನಡವೇ. ಕೋಟೆಯ ಐಶ್ವರ್ಯದಲ್ಲಿ ಅವರಿಗೇನು ಪಾಲಿತ್ತು? ಗಿರಣಿಗಳೂ ಅಂಗಡಿಯ ಗಾದಿಗಳೂ ಬಂದ ಮೇಲೆ ಬಿಲ್ಲಿನ ಕೆಲಸವೂ ಕುಗ್ಗಿತು. ಕರ್ನಾಟಕ ಸರಕಾರವು ಅವರನ್ನು ಹಿಂದುಳಿದವರ ಮೊದಲನೆಯ ವರ್ಗದಲ್ಲಿ ಎಣಿಸುತ್ತದೆ.

2011ರ ಜನಗಣತಿಯಂತೆ ಈ ರಾಜ್ಯದಲ್ಲಿ ನೂರಕ್ಕೆ ಸುಮಾರು 13 ಮಂದಿ ಮುಸಲ್ಮಾನರು. ಕ್ರೈಸ್ತರಾದ ನಾವು ಇಬ್ಬರೂ ಇಲ್ಲ. ಮತವನ್ನು ಬದಲಿಸಿದ ಕಾರಣ ನಮ್ಮನ್ನೂ ಪರದೇಶದ ಪಕ್ಷದವರೆನ್ನುವದನ್ನು ಕೇಳಿದ್ದೇವಷ್ಟೆ. ಆದರೆ 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 25ನೆಯ ವಿಧಿಯಲ್ಲಿ ಧರ್ಮಸ್ವಾತಂತ್ರ್ಯವನ್ನು ಅವರಿಗೂ ನಮಗೂ ಒಂದೇ ಮಾತಿನಲ್ಲಿ ಕೊಟ್ಟಿದೆ.